ಒಬ್ಬ ಮೇಷ್ಟ್ರಿಗೆ ಆರು ಜನ ವಿದ್ಯಾರ್ಥಿಗಳು

ಕಳೆದ ವಾರ ಫಸ್ಟ್ ಇಯರ್ ಎಂಜಿನಿಯರಿಂಗ್ ಮಕ್ಕಳ ಕಂಪ್ಯೂಟರ್ ಲ್ಯಾಬ್ ನಡೆಯುವಾಗ ಕರೆಂಟ್ ಹೋಯಿತು. ಯುಪಿಎಸ್ಸೂ ಹತ್ತು ನಿಮಿಷಕ್ಕೆ ಕೈಕೊಟ್ಟಿತು. ಮಕ್ಕಳು ಸುಮ್ನೆ ಕೂರುವುದು ಬೇಡ ಅಂತ ಬೋರ್ಡ್ ಮೇಲೆ ಒಂದು ಲೆಕ್ಕ ಬರೆದೆ. ಕನ್ನಡದಲ್ಲೇ ಬರೆದೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು ಈ ಬ್ಯಾಚ್‌ನಲ್ಲಿ ಸುಮಾರು ಜನ ಇದ್ದಾರೆ.

‘ಒಂದು ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿಗೆ ಆರು ಜನ ವಿದ್ಯಾರ್ಥಿಗಳಿದ್ದಾರೆ. ಮೇಷ್ಟ್ರುಗಳ ಸಂಖ್ಯೆ ಮೇ, ವಿದ್ಯಾರ್ಥಿಗಳ ಸಂಖ್ಯೆ ವಿ. ಸಮೀಕರಣ ಬರೆಯಿರಿ.’

"ಇಷ್ಟೇನಾ ಮ್ಯಾಮ್?" ಅಂತ ಹಿಂದಿನ ಬೆಂಚಿನಿಂದ ನಗು. ನಗಲಿ ಬಿಡಿ, ಇಂಟಿಗ್ರೇಶನ್ನನ್ನು ನಿದ್ದೆಗಣ್ಣಲ್ಲೂ ಮಾಡುವ ಮಕ್ಕಳು. ಆದರೆ ನೋಟ್‌ಬುಕ್ ನೋಡುತ್ತಾ ಹೋದರೆ ಒಂದರ ಹಿಂದೆ ಒಂದು: ಮೇ = 6ವಿ.

ನೀವೂ ಅದನ್ನೇ ಬರೆದಿರಾ? ಮೇಷ್ಟ್ರು 10 ಜನ ಅಂತ ಇಟ್ಟುಕೊಳ್ಳಿ, ವಿದ್ಯಾರ್ಥಿಗಳು 60. ಈಗ 6ವಿ ಅಂದರೆ 360. ಹತ್ತು ಜನ ಮೇಷ್ಟ್ರು 360ಕ್ಕೆ ಸಮ ಆಗುತ್ತಾರಾ? ಸರಿ ಉತ್ತರ ವಿ = 6ಮೇ.

ಈ ಲೆಕ್ಕ ನನ್ನದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಲೆಮೆಂಟ್, ಜ್ಯಾಕ್ ಲಾಕ್‌ಹೆಡ್ ಮತ್ತು ಅವರ ಜೊತೆಗಾರರು 1980ರ ಆಸುಪಾಸಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಕೇಳಿ ನೋಡಿದ್ದರು. ಅಲ್ಲೂ ಎಂಜಿನಿಯರಿಂಗ್ ಮೊದಲ ವರ್ಷದವರೇ. 37 ಪರ್ಸೆಂಟ್ ಜನ ತಪ್ಪು ಬರೆದರು, ಅದರಲ್ಲಿ ಮೂರರಲ್ಲಿ ಎರಡು ಪಾಲು ಹೀಗೇ ತಿರುಗುಮುರುಗು. ಇನ್ನೊಂದು ಲೆಕ್ಕ ಕೊಟ್ಟರು: ಚೀಸ್‌ಕೇಕ್ ತಗೊಂಡ ಪ್ರತಿ ನಾಲ್ಕು ಜನಕ್ಕೆ ಸ್ಟ್ರೂಡಲ್ ಅನ್ನುವ ಸಿಹಿತಿಂಡಿ ತಗೊಂಡವರು ಐದು ಜನ. ಅದನ್ನು ಸರಿಯಾಗಿ ಬರೆದವರು ಬರೀ 27 ಪರ್ಸೆಂಟ್!

ನನಗೆ ಇಷ್ಟವಾಗುವುದು ಅವರು ಅಂಕಿ ಎಣಿಸಿ ಎದ್ದು ಹೋಗಲಿಲ್ಲ ಅನ್ನುವುದು. ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಏನು ಯೋಚಿಸುತ್ತಿದ್ದೀರೋ ಅದನ್ನೇ ಜೋರಾಗಿ ಹೇಳುತ್ತಾ ಲೆಕ್ಕ ಮಾಡಿ ಅಂದರು. ಕೆಲವರು ವಾಕ್ಯದಲ್ಲಿ ಪದಗಳು ಬಂದ ಸಾಲಿನಲ್ಲೇ ಅಕ್ಷರ ಇಳಿಸಿಬಿಡುತ್ತಿದ್ದರು. ಇನ್ನು ಕೆಲವರಿಗೆ ವಿದ್ಯಾರ್ಥಿಗಳೇ ಜಾಸ್ತಿ ಅಂತ ಚೆನ್ನಾಗಿ ಗೊತ್ತಿತ್ತು, ಆದರೂ ತಪ್ಪು ಬರೆದರು, ಯಾಕಂದರೆ ಅವರಿಗೆ ಆ ಅಕ್ಷರ ಒಂದು ಸಂಖ್ಯೆ ಅಲ್ಲ, ಹೆಸರಿನ ಚೀಟಿ. 1 ಮೀ = 100 ಸೆಂ.ಮೀ ಅಂತ ಐದನೇ ಕ್ಲಾಸಿನಿಂದ ಬರೆಸಿದ್ದು ನಾವೇ ಅಲ್ವಾ? ಅಲ್ಲಿ ‘ಮೀ’ ಅಂದರೆ ಬರೀ ಹೆಸರು.

ಇದಾದ ಮೇಲೆ ಬರುವುದು ಕಂಪ್ಯೂಟರ್ ಸೈನ್ಸ್‌ನ ಎಲಿಯಟ್ ಸೊಲೊವೇ. ಇದೇ ಗುಂಪಿನ ಜೊತೆ ಸೇರಿ, ಸಮೀಕರಣದ ಬದಲು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕೊಟ್ಟರು. ಸರಿ ಉತ್ತರ ಜಾಸ್ತಿ ಬಂತು. ಪ್ರೋಗ್ರಾಂ ಅಂದರೆ ಕೆಲಸ: ಮೇಷ್ಟ್ರುಗಳ ಸಂಖ್ಯೆ ತಗೋ, ಆರರಿಂದ ಗುಣಿಸು, ಬಂದದ್ದನ್ನು ತೋರಿಸು. ಚೀಟಿಯನ್ನು ಗುಣಿಸಲು ಆಗಲ್ಲ.

ನಮ್ಮಲ್ಲಿ ಕರೆಂಟ್ ಬಂದ ತಕ್ಷಣ ನಾನೂ ಅದನ್ನೇ ಮಾಡಿಸಿದೆ. ಮುಂಚೆ ನಕ್ಕ ಹುಡುಗ ಎರಡು ನಿಮಿಷದಲ್ಲಿ ಸರಿಯಾಗಿ ಬರೆದ, ರನ್ ಮಾಡಿದ, ಸ್ಕ್ರೀನ್ ನೋಡಿದ, ನೋಟ್‌ಬುಕ್ ನೋಡಿದ, ಆಮೇಲೆ ಏನೂ ಮಾತಾಡದೆ ನೋಟ್‌ಬುಕ್ ಮುಚ್ಚಿದ.

ಹಾಗಂತ ಕೋಡಿಂಗ್ ಕಲಿತರೆ ಗಣಿತ ತಾನಾಗೇ ಬರುತ್ತೆ ಅನ್ನುವವರ ಮಾತು ನಾನು ನಂಬಲ್ಲ. 8 + 4 = ▢ + 5 ಅನ್ನುವ ಲೆಕ್ಕವನ್ನು ಅಮೆರಿಕದಲ್ಲಿ ಆರನೇ ಕ್ಲಾಸಿನ 145 ಮಕ್ಕಳಿಗೆ ಕೊಟ್ಟಾಗ ಅಷ್ಟೂ ಜನ 12 ಅಥವಾ 17 ಅಂತ ಬರೆದರು, 7 ಅಂತ ಒಬ್ಬರೂ ಬರೆಯಲಿಲ್ಲ. ಇದು 1999ರಲ್ಲಿ ಪ್ರಕಟವಾದ ಸಂಗತಿ. ಅವರಿಗೆ ಸಮ ಚಿಹ್ನೆ ಅಂದರೆ ‘ಈಗ ಉತ್ತರ ಬರೆ’ ಅಂತ. ನಾವು ಲ್ಯಾಬ್‌ನಲ್ಲಿ ಎಕ್ಸ್ = ಎಕ್ಸ್ + 1 (ಎಕ್ಸ್‌ಗೆ ಒಂದು ಕೂಡಿಸಿ ಮತ್ತೆ ಎಕ್ಸ್‌ನಲ್ಲೇ ಇಡು) ಅಂತ ಬರೆಸಿ ಆ ಗಾಯದ ಮೇಲೇ ಉಪ್ಪು ಹಾಕುತ್ತೇವೆ. ಪ್ಯಾಸ್ಕಲ್ ಭಾಷೆಯಲ್ಲಿ ಅದಕ್ಕೆ := ಅಂತ ಬೇರೆ ಚಿಹ್ನೆ ಇತ್ತು. ನಾವು ಕಲಿಸುವ ಸಿ, ಪೈಥಾನ್ ಎರಡರಲ್ಲೂ ಈ ಕೆಲಸಕ್ಕೆ ಬರೆಯುವುದು ಬರೀ =. ಅಂದರೆ ಮೇಷ್ಟ್ರ ಲೆಕ್ಕದಲ್ಲಿ ಕೈಹಿಡಿದ ‘ಮಾಡು’ ಅನ್ನುವ ಗುಣವೇ ಇಲ್ಲಿ ದಾರಿ ತಪ್ಪಿಸುತ್ತದೆ.

ಮನೆಗೆ ಬಂದ ಮೇಲೆ ಹೊಳೆದದ್ದು ಇನ್ನೊಂದು. ಕ್ಲೆಮೆಂಟ್ ಗುಂಪಿನ ಇಂಗ್ಲಿಷ್ ವಾಕ್ಯದಲ್ಲಿ ಮೊದಲು ಆರು, ಆಮೇಲೆ ವಿದ್ಯಾರ್ಥಿಗಳು, ಕೊನೆಗೆ ಪ್ರೊಫೆಸರ್‌ಗಳು. ಕಣ್ಣು ಮುಚ್ಚಿ ಇಳಿಸಿದರೆ ತಪ್ಪೇ ಬರುತ್ತದೆ. ಕನ್ನಡದಲ್ಲಿ ‘ಮೇಷ್ಟ್ರುಗಳ ಆರರಷ್ಟು ವಿದ್ಯಾರ್ಥಿಗಳು’ ಅಂದರೆ? ಮೇ, ಆರು, ವಿ. ಕಣ್ಣು ಮುಚ್ಚಿದರೂ ಮೇ × 6 = ವಿ! ಆದರೆ ನಾನು ಬೋರ್ಡ್ ಮೇಲೆ ಬರೆದದ್ದು ‘ಒಬ್ಬ ಮೇಷ್ಟ್ರಿಗೆ ಆರು ಜನ’. ಅದನ್ನು ಕಣ್ಣು ಮುಚ್ಚಿ ಇಳಿಸಿದರೆ ಮೇ = 6ವಿ. ಮಕ್ಕಳು ಬಿದ್ದ ಗುಂಡಿಯನ್ನು ಅರ್ಧ ತೋಡಿದ್ದು ನಾನೇ.

ಪೋರ್ಷನ್ ಮುಗಿಸುವುದು ಬಿಟ್ಟು ಇದೆಲ್ಲ ಯಾಕೆ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಗೊತ್ತು. ಆದರೂ ಸೋಮವಾರ ಬಿ ಸೆಕ್ಷನ್‌ನಲ್ಲಿ ಅರ್ಧ ಜನಕ್ಕೆ ಒಂದು ವಾಕ್ಯ, ಉಳಿದ ಅರ್ಧಕ್ಕೆ ಇನ್ನೊಂದು ಕೊಟ್ಟು ನೋಡುತ್ತೇನೆ. ಬಿ ಸೆಕ್ಷನ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಓದಿಲ್ಲ ಅಂದುಕೊಳ್ಳಿ.