ಪ್ಲಗ್-ಇನ್ ಹೈಬ್ರಿಡ್: ಕರೆಂಟ್ ಬಿಟ್ಟು ಪೆಟ್ರೋಲ್ ಹಿಡಿಯುವುದು ಯಾವಾಗ?

ಕಾರಿನ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: "ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಮೊದಲು ಬ್ಯಾಟರಿ ಖಾಲಿಯಾಗುತ್ತೆ, ಆಮೇಲೆ ಪೆಟ್ರೋಲ್ ಶುರುವಾಗುತ್ತೆ. ಅಷ್ಟೇ ಅಲ್ವಾ?" ಕೆಲವರು ಇದರ ಬೆನ್ನಿಗೇ ಇನ್ನೊಂದು ಕೇಳುತ್ತಾರೆ: "ಬದಲಾಯಿಸೋಕೆ ನಾವೇ ಬಟನ್ ಒತ್ತಬೇಕಾ?"

ಪ್ಲಗ್-ಇನ್ ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಮತ್ತು ಎಲೆಕ್ಟ್ರಿಕ್ ಮೋಟರ್ ಎರಡೂ ಇರುವ, ಗೋಡೆಯ ಪ್ಲಗ್‌ನಿಂದ ಚಾರ್ಜ್ ಮಾಡಬಹುದಾದ ಕಾರು. ಬಟನ್ ಒತ್ತಬೇಕಿಲ್ಲ. ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ ಸ್ವಲ್ಪ ಉದ್ದ. ಬ್ಯಾಟರಿ ಪೂರ್ತಿ ತುಂಬಿದ್ದರೂ ಎಂಜಿನ್ ಸ್ಟಾರ್ಟ್ ಆಗಬಹುದು. ಡ್ಯಾಶ್‌ಬೋರ್ಡ್ ಕರೆಂಟಿನಲ್ಲಿ ಹೋಗಬಹುದಾದ ದೂರ ಸೊನ್ನೆ ಅಂತ ತೋರಿಸುತ್ತಿದ್ದರೂ ಕಾರು ಎಂಜಿನ್ ಆಫ್ ಮಾಡಿಕೊಂಡು ಬರೀ ಕರೆಂಟಿನಲ್ಲಿ ಓಡಬಹುದು. ಕಾರಿನ ಕಂಪ್ಯೂಟರ್ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ನೋಡುವುದು ನಿಜ. ಅದರ ಜೊತೆಗೆ, ಈ ಗಳಿಗೆಯಲ್ಲಿ ನಿಮ್ಮ ಬಲಗಾಲು ಎಷ್ಟು ಶಕ್ತಿ ಕೇಳುತ್ತಿದೆ ಅಂತಲೂ ನೋಡುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ಈ ಕಾರಿನ ನಿಜವಾದ ಸ್ವಿಚ್ ಅಂದರೆ ಆಕ್ಸಿಲರೇಟರ್ ಪೆಡಲ್.

ಮಾಮೂಲಿ ಹೈಬ್ರಿಡ್‌ಗೂ ಇದಕ್ಕೂ ಏನು ವ್ಯತ್ಯಾಸ ಅನ್ನುವುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಮಾಮೂಲಿ ಹೈಬ್ರಿಡ್‌ನ ಬ್ಯಾಟರಿ ಒಂದೆರಡು ಯೂನಿಟ್ ಕರೆಂಟ್ ಹಿಡಿದರೆ ಹೆಚ್ಚು. ಅದು ಚಾರ್ಜ್ ಆಗುವುದು ಎಂಜಿನ್ನಿನಿಂದ, ಇಲ್ಲವೇ ಬ್ರೇಕ್ ಹಾಕಿದಾಗ. ಪ್ಲಗ್-ಇನ್‌ನಲ್ಲಿ ಬ್ಯಾಟರಿ ದೊಡ್ಡದು, ಗೋಡೆಯ ಪ್ಲಗ್‌ನಿಂದಲೂ ಚಾರ್ಜ್ ಮಾಡಬಹುದು. 2023ರ ಟೊಯೊಟಾ ಪ್ರಿಯಸ್ ಪ್ಲಗ್-ಇನ್‌ನಲ್ಲಿ 13.6 ಯೂನಿಟ್‌ನ ಬ್ಯಾಟರಿ ಇದೆ. ಅಮೆರಿಕದ ಅಧಿಕೃತ ಪರೀಕ್ಷೆಯಲ್ಲಿ ಅದು ಬರೀ ಕರೆಂಟಿನಲ್ಲೇ ಸುಮಾರು 70 ಕಿ.ಮೀ. ಹೋಗುತ್ತದೆ.

ಈಗ ಆ ಸೊನ್ನೆಯ ವಿಷಯ. ಚಾರ್ಜ್ ಆದ ಕಾರು ಹೊರಟರೆ ಮೊದಲು ಆದಷ್ಟು ಕರೆಂಟನ್ನೇ ಬಳಸುತ್ತದೆ. ಎಂಜಿನ್ ಸುಮ್ನೆ ಇರುತ್ತದೆ. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದಾಗ ಡ್ಯಾಶ್‌ಬೋರ್ಡ್ ಸೊನ್ನೆ ಕಿಲೋಮೀಟರ್ ಅನ್ನುತ್ತದೆ. ಆದರೆ ಬ್ಯಾಟರಿ ಆಗ ನಿಜಕ್ಕೂ ಖಾಲಿಯಾಗಿರುವುದಿಲ್ಲ. ಅಡಿಯಲ್ಲಿ ಒಂದಷ್ಟು ಪಾಲನ್ನು ಕಂಪ್ಯೂಟರ್ ಮುಟ್ಟಲು ಬಿಡುವುದೇ ಇಲ್ಲ. ಲಿಥಿಯಂ ಬ್ಯಾಟರಿಯನ್ನು ತಳಕ್ಕೆ ಇಳಿಸಿದರೂ, ಕಂಠಪೂರ್ತಿ ತುಂಬಿ ಇಟ್ಟರೂ ಅದರ ಆಯಸ್ಸು ಕಮ್ಮಿ. 2010ರ ಕೊನೆಯಲ್ಲಿ ಬಂದ ಷೆವ್ರೊಲೆ ವೋಲ್ಟ್ ಕಾರಿನಲ್ಲಿ 16 ಯೂನಿಟ್ ಬ್ಯಾಟರಿ ಇತ್ತು, ಬಳಸಲು ಕೊಡುತ್ತಿದ್ದದ್ದು ಸುಮಾರು 10 ಯೂನಿಟ್ ಮಾತ್ರ. ಅಷ್ಟು ಜೋಪಾನ.

ಸೊನ್ನೆ ಬಂದ ಮೇಲೆ ಕಾರು ಮಾಮೂಲಿ ಹೈಬ್ರಿಡ್‌ನ ಹಾಗೆ ನಡೆದುಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಆಫ್. ಮೆಲ್ಲಗೆ ಹೊರಟರೆ ಮೋಟರ್. ವೇಗ ಏರಿದರೆ ಎಂಜಿನ್. ಬ್ರೇಕ್ ಹಾಕಿದರೆ ಮೋಟರ್ ಜನರೇಟರ್ ಆಗಿ ಒಂದಷ್ಟು ಕರೆಂಟನ್ನು ವಾಪಸ್ ತುಂಬುತ್ತದೆ, ಮುಂದಿನ ಸಲ ಹೊರಡುವಾಗ ಅದೇ ಖರ್ಚಾಗುತ್ತದೆ. ಇಲ್ಲಿ ಒಂದು ಜಾಣತನವೂ ಇದೆ. ಪೆಟ್ರೋಲ್ ಎಂಜಿನ್ನಿಗೆ ತೀರಾ ಹಗುರವಾದ ಕೆಲಸ ಒಗ್ಗುವುದಿಲ್ಲ. ಆಮೆ ವೇಗದ ಟ್ರಾಫಿಕ್ಕಿನಲ್ಲಿ ಅದು ಸುಡುವ ಪೆಟ್ರೋಲಿನ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಒಂದು ಹದದ ಹೊರೆ ಬಿದ್ದಾಗ ಅದು ಚೆನ್ನಾಗಿ ದುಡಿಯುತ್ತದೆ. ಹಾಗಾಗಿ ಹಗುರ ಕೆಲಸವನ್ನು ಮೋಟರಿಗೆ ಕೊಟ್ಟು, ಎಂಜಿನ್ ಓಡಿಸಲೇಬೇಕಾದಾಗ ಸ್ವಲ್ಪ ಹೆಚ್ಚೇ ಓಡಿಸಿ, ಮಿಕ್ಕಿದ್ದನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ.

ಇನ್ನು ಬ್ಯಾಟರಿ ತುಂಬಿದ್ದರೂ ಎಂಜಿನ್ ಯಾಕೆ ಸ್ಟಾರ್ಟ್ ಆಗುತ್ತದೆ? ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಇದೆ ಅನ್ನುವುದು ಬೇರೆ, ಒಂದೇ ಸಲಕ್ಕೆ ಎಷ್ಟು ಕೊಡಬಲ್ಲದು ಅನ್ನುವುದು ಬೇರೆ. ಓವರ್‌ಟೇಕ್ ಮಾಡಲು ಪೆಡಲ್ ಪೂರ್ತಿ ಒತ್ತಿದಿರಿ ಅಂದುಕೊಳ್ಳಿ. ನೀವು ಕೇಳುವ ಶಕ್ತಿ ಮೋಟರಿನ ಮಿತಿ ದಾಟಿದರೆ, ಕೊರತೆ ತುಂಬಲು ಎಂಜಿನ್ ಬರಲೇಬೇಕು. ವೇಗಕ್ಕೂ ಇಂಥದೇ ಮಿತಿ ಇರಬಹುದು. 2012ರ ಮೊದಲ ಪ್ರಿಯಸ್ ಪ್ಲಗ್-ಇನ್‌ನಲ್ಲಿ ಗಂಟೆಗೆ ಸುಮಾರು 100 ಕಿ.ಮೀ. ದಾಟಿದರೆ ಬ್ಯಾಟರಿ ಎಷ್ಟೇ ಇರಲಿ, ಎಂಜಿನ್ ಶುರುವಾಗುತ್ತಿತ್ತು. ಈಗಿನ ಕಾರುಗಳಲ್ಲಿ ಆ ಮಿತಿ ತುಂಬಾ ಮೇಲಿದೆ. ಕೆಲವು ಮರ್ಸಿಡಿಸ್ ಕಾರುಗಳಲ್ಲಿ ಪೆಡಲ್ಲೇ ಇದನ್ನು ಕಾಲಿಗೆ ಹೇಳುತ್ತದೆ. ಒತ್ತುತ್ತಾ ಹೋದರೆ ಒಂದು ಕಡೆ ಬಿಗಿಯಾಗುತ್ತದೆ. ಅಲ್ಲಿಯವರೆಗೆ ಕರೆಂಟ್, ಆ ಬಿಗಿ ದಾಟಿ ಒತ್ತಿದರೆ ಪೆಟ್ರೋಲ್. ಪರದೆ ಮೇಲಿನ ಬಣ್ಣಬಣ್ಣದ ಚಿತ್ರಗಳಿಗಿಂತ ಇದು ನನಗೆ ಎಷ್ಟೋ ಇಷ್ಟ. ರಸ್ತೆಯಿಂದ ಕಣ್ಣು ತೆಗೆಯಬೇಕಿಲ್ಲ.

ಆ ಬದಲಾವಣೆ ಆಗುವ ಗಳಿಗೆಯಲ್ಲಿ ಒಳಗೆ ಏನು ನಡೆಯುತ್ತದೆ ಅನ್ನುವುದು ನನಗಂತೂ ಈ ಕಾರುಗಳ ಅತ್ಯಂತ ಚೆಂದದ ಭಾಗ. ಹಲವು ಯುರೋಪಿಯನ್ ಕಾರುಗಳಲ್ಲಿ ಮೋಟರ್ ಕೂತಿರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್‌ನ ನಡುವೆ. ಎಂಜಿನ್ನಿಗೂ ಮೋಟರಿಗೂ ಮಧ್ಯೆ ಒಂದು ಕ್ಲಚ್. ಕರೆಂಟಿನಲ್ಲಿ ಓಡುವಾಗ ಈ ಕ್ಲಚ್ ಬಿಟ್ಟಿರುತ್ತದೆ, ಎಂಜಿನ್ ತಿರುಗದೆ ನಿಂತಿರುತ್ತದೆ. ಎಂಜಿನ್ ಬೇಕು ಅಂದ ಕೂಡಲೇ ಕ್ಲಚ್ ಅರ್ಧಂಬರ್ಧ ಹಿಡಿಯುತ್ತದೆ. ಓಡುತ್ತಿರುವ ಮೋಟರ್ ನಿಂತ ಎಂಜಿನ್ನನ್ನು ಎಳೆದು ತಿರುಗಿಸುತ್ತದೆ. ಬ್ಯಾಟರಿ ಡೌನ್ ಆದ ಹಳೇ ಕಾರನ್ನು ನಾಲ್ಕು ಜನ ತಳ್ಳಿ, ಗೇರಿನಲ್ಲಿಟ್ಟು ಕ್ಲಚ್ ಪೆಡಲ್‌ನಿಂದ ಕಾಲು ತೆಗೆದು ಸ್ಟಾರ್ಟ್ ಮಾಡುತ್ತಾರಲ್ಲ, ಅದೇ ಕೆಲಸ. ಆದರೆ ತಳ್ಳಿ ಸ್ಟಾರ್ಟ್ ಮಾಡಿದ ಕಾರು ಜಗ್ಗಿ ಮುಗ್ಗರಿಸುತ್ತದೆ. ಇಲ್ಲಿ ಹಾಗಾಗಬಾರದು. ಎಂಜಿನ್ ಎಳೆಯಲು ಎಷ್ಟು ಬಲ ಹೋಗುತ್ತದೋ ಅಷ್ಟನ್ನು ಮೋಟರ್ ಅದೇ ಹೊತ್ತಿಗೆ ಹೆಚ್ಚಾಗಿ ಕೊಟ್ಟು ಸರಿದೂಗಿಸುತ್ತದೆ. ಪೆಟ್ರೋಲ್ ಚಿಮ್ಮಿ, ಸ್ಪಾರ್ಕ್ ಬಿದ್ದು, ಎಂಜಿನ್ ಸ್ವಂತ ಬಲದಲ್ಲಿ ಮೋಟರಿನ ವೇಗಕ್ಕೆ ಬರುತ್ತದೆ. ಎರಡರ ವೇಗ ಹೊಂದಿದ ಮೇಲೆ ಕ್ಲಚ್ ಪೂರ್ತಿ ಹಿಡಿಯುತ್ತದೆ. ಇಷ್ಟೆಲ್ಲ ಮುಗಿಯುವುದು ಒಂದು ಸೆಕೆಂಡಿನ ಒಳಗೆ. ಕಿವಿಗೆ ಒಂದು ಗುಂಯ್ ಅನ್ನುವ ಸದ್ದು ಬೀಳಬಹುದು, ಅಷ್ಟೇ.

ಎಲ್ಲ ಕಾರಿನಲ್ಲೂ ಇದೇ ಏರ್ಪಾಡು ಅಂತಿಲ್ಲ. ಟೊಯೊಟಾದಲ್ಲಿ ಎಂಜಿನ್ ಮತ್ತು ಎರಡು ಮೋಟರುಗಳು ಒಂದೇ ಗೇರ್ ಗುಂಪಿಗೆ ಸದಾ ಜೋಡಿಕೊಂಡಿರುತ್ತವೆ. ಒಂದು ಮೋಟರ್ ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುತ್ತದೆ, ಇನ್ನೊಂದು ಚಕ್ರ ತಿರುಗಿಸುತ್ತದೆ. ಯಾರ ಪಾಲು ಎಷ್ಟು ಅನ್ನುವುದು ಮೋಟರುಗಳ ವೇಗ ಹೆಚ್ಚುಕಮ್ಮಿ ಮಾಡುವುದರಲ್ಲೇ ತೀರ್ಮಾನವಾಗುತ್ತದೆ. 2013ರಲ್ಲಿ ಬಂದ ಮಿತ್ಸುಬಿಷಿ ಔಟ್‌ಲ್ಯಾಂಡರ್‌ನದು ಇನ್ನೊಂದು ದಾರಿ. ಕಡಿಮೆ ವೇಗದಲ್ಲಿ ಎಂಜಿನ್ ಬರೀ ಜನರೇಟರ್ ಓಡಿಸುತ್ತದೆ, ಚಕ್ರ ತಿರುಗಿಸುವುದು ಮೋಟರೇ. ಗಂಟೆಗೆ ಸುಮಾರು 65–70 ಕಿ.ಮೀ. ದಾಟಿದ ಮೇಲೆ ಮಾತ್ರ ಎಂಜಿನ್ ನೇರವಾಗಿ ಚಕ್ರಕ್ಕೆ ಸೇರಿಕೊಳ್ಳಬಹುದು. ಬಿಎಂಡಬ್ಲ್ಯು ಐ3 ಕಾರಿನ ರೇಂಜ್ ಎಕ್ಸ್‌ಟೆಂಡರ್ ಮಾದರಿಯಲ್ಲಿ 647 ಸಿಸಿಯ ಪುಟ್ಟ ಎಂಜಿನ್ ಇತ್ತು. ಅದು ಯಾವ ವೇಗದಲ್ಲೂ ಚಕ್ರವನ್ನು ಮುಟ್ಟುತ್ತಿರಲಿಲ್ಲ, ಕರೆಂಟ್ ತಯಾರಿಸುವುದಷ್ಟೇ ಅದರ ಕೆಲಸ.

ಜನಕ್ಕೆ ಗಾಬರಿ ಹುಟ್ಟಿಸುವುದು ಇದ್ಯಾವುದೂ ಅಲ್ಲ. ಕಾರಣವೇ ಇಲ್ಲದೆ ಎಂಜಿನ್ ಸ್ಟಾರ್ಟ್ ಆಯಿತು ಅನ್ನುವ ದೂರು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಕಾರಣ ಇದ್ದೇ ಇರುತ್ತದೆ. ಚಳಿಯಲ್ಲಿ ಹೀಟರ್ ಹಾಕಿದರೆ, ಕೆಲವು ಕಾರುಗಳಲ್ಲಿ ಬಿಸಿಗಾಳಿಗೆ ಎಂಜಿನ್ ಶಾಖವೇ ಗತಿ. ಕರೆಂಟಿನಿಂದಲೇ ಬಿಸಿಗಾಳಿ ಕೊಡುವ ಹೀಟ್ ಪಂಪ್ ಇರುವ ಕಾರಿನಲ್ಲಿ ಈ ಕಾಟ ಕಮ್ಮಿ. ಬ್ಯಾಟರಿ ತೀರಾ ತಣ್ಣಗಿದ್ದರೂ ಅಷ್ಟೇ, ಅದು ಜಾಸ್ತಿ ಶಕ್ತಿ ಕೊಡಲಾರದು, ಎಂಜಿನ್ ನೆರವಿಗೆ ಬರುತ್ತದೆ. ತುಂಬಿದ ಬ್ಯಾಟರಿ ಇಟ್ಟುಕೊಂಡು ಉದ್ದನೆಯ ಇಳಿಜಾರು ಇಳಿದರೆ ಬ್ರೇಕಿನಿಂದ ಬರುವ ಕರೆಂಟಿಗೆ ಜಾಗವೇ ಇರುವುದಿಲ್ಲ. ಆಗ ಕೆಲವು ಕಾರುಗಳು ಪೆಟ್ರೋಲ್ ಸುಡದೆ ಎಂಜಿನ್ನನ್ನು ಸುಮ್ಮನೆ ತಿರುಗಿಸಿ ಆ ಶಕ್ತಿಯನ್ನು ಖರ್ಚು ಮಾಡುತ್ತವೆ. ಸದ್ದು ಬರುತ್ತದೆ, ಪೆಟ್ರೋಲ್ ಖರ್ಚಾಗುವುದಿಲ್ಲ.

ಒಮ್ಮೆ ಸ್ಟಾರ್ಟ್ ಆದದ್ದು ಕಾಲು ತೆಗೆದ ತಕ್ಷಣ ನಿಲ್ಲದೆ ಇದ್ದರೆ ಅದಕ್ಕೂ ಕಾರಣವಿದೆ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಶುರುಮಾಡಲು ಸುಮಾರು 250ರಿಂದ 300 ಡಿಗ್ರಿ ಬಿಸಿಯಾಗಬೇಕು. ಒಂದು ಗಂಟೆ ಕರೆಂಟಿನಲ್ಲಿ ಓಡಿದ ಕಾರಿನಲ್ಲಿ ಅದು ತಣ್ಣಗಿರುತ್ತದೆ. ಹಾಗಾಗಿ ಎಬ್ಬಿಸಿದ ಎಂಜಿನ್ನನ್ನು ಬಿಸಿಯಾಗುವವರೆಗೆ ಓಡಲು ಬಿಡುತ್ತಾರೆ.

ಬಟನ್‌ಗಳ ಬಗ್ಗೆಯೂ ಎರಡು ಮಾತು. ಬರೀ ಕರೆಂಟ್, ಹೈಬ್ರಿಡ್, ಇರುವ ಚಾರ್ಜ್ ಉಳಿಸು, ಎಂಜಿನ್ನಿನಿಂದ ಚಾರ್ಜ್ ಮಾಡು, ಹೀಗೆ ಮೂರೋ ನಾಲ್ಕೋ ಇರುತ್ತವೆ. ಉಳಿಸುವ ಬಟನ್ ಉಪಯೋಗದ್ದು. ಹೆದ್ದಾರಿಯಲ್ಲಿ ಪೆಟ್ರೋಲ್ ಬಳಸಿ, ಕೊನೆಗೆ ಸಿಗುವ ಊರಿನ ಟ್ರಾಫಿಕ್ಕಿಗೆ ಕರೆಂಟ್ ಇಟ್ಟುಕೊಳ್ಳಬಹುದು. ನ್ಯಾವಿಗೇಶನ್‌ನಲ್ಲಿ ದಾರಿ ಹಾಕಿದರೆ ಎಷ್ಟೋ ಕಾರುಗಳು ಇದನ್ನು ತಾವೇ ಮಾಡುತ್ತವೆ. ಎಂಜಿನ್ನಿನಿಂದ ಚಾರ್ಜ್ ಮಾಡುವ ಬಟನ್ನನ್ನು ಮಾತ್ರ ಆದಷ್ಟು ಮುಟ್ಟಬೇಡಿ ಅನ್ನುತ್ತೇನೆ. ಪೆಟ್ರೋಲನ್ನು ಕರೆಂಟ್ ಮಾಡಿ, ಬ್ಯಾಟರಿಗೆ ತುಂಬಿ, ಮತ್ತೆ ಹೊರತೆಗೆದು ಮೋಟರಿಗೆ ಕೊಡುವಾಗ ಪ್ರತಿ ಹಂತದಲ್ಲೂ ಒಂದಿಷ್ಟು ಸೋರಿಹೋಗುತ್ತದೆ.

ಆದರೆ ಯಾವ ಬಟನ್ನಿಗಿಂತಲೂ ಲೆಕ್ಕಕ್ಕೆ ಬರುವುದು ರಾತ್ರಿ ಪ್ಲಗ್ ಹಾಕಿದಿರೋ ಇಲ್ಲವೋ ಅನ್ನುವುದು. ಯುರೋಪಿಯನ್ ಕಮಿಷನ್ 2021ರಲ್ಲಿ ನೋಂದಣಿಯಾದ ಕಾರುಗಳ ಒಳಗಿನ ಮೀಟರುಗಳ ಲೆಕ್ಕ ತೆಗೆದು 2024ರಲ್ಲಿ ವರದಿ ಕೊಟ್ಟಿತು. ರಸ್ತೆಯಲ್ಲಿ ಪ್ಲಗ್-ಇನ್ ಹೈಬ್ರಿಡ್‌ಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಲ್ಯಾಬಿನ ಲೆಕ್ಕಕ್ಕಿಂತ ಸರಾಸರಿ 3.5 ಪಟ್ಟು ಹೆಚ್ಚಿತ್ತು. ಜನ ಚಾರ್ಜ್ ಮಾಡುವುದು ಲ್ಯಾಬ್ ಅಂದುಕೊಂಡಷ್ಟು ಇಲ್ಲ ಅನ್ನುವುದು ಇದರ ಮುಖ್ಯ ಕಾರಣ. ಚಾರ್ಜ್ ಮಾಡದಿದ್ದರೆ ಅದು ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಹೈಬ್ರಿಡ್, ಬೇರೇನಲ್ಲ.

ತದ್ವಿರುದ್ಧ ಜಾತಿಯವರೂ ಇದ್ದಾರೆ. ದಿನಾ ಚಾರ್ಜ್ ಮಾಡಿ, ತಿಂಗಳಾನುಗಟ್ಟಲೆ ಪೆಟ್ರೋಲ್ ಮುಟ್ಟದವರು. ಅವರ ಚಿಂತೆ ಟ್ಯಾಂಕಿನ ಪೆಟ್ರೋಲ್ ಹಳಸುತ್ತದಲ್ಲ ಅನ್ನುವುದು. ಕಾರಿಗೂ ಆ ಚಿಂತೆ ಇದೆ. ವೋಲ್ಟ್ ಸುಮಾರು ಆರು ವಾರ ಎಂಜಿನ್ ಓಡದಿದ್ದರೆ ತಾನೇ ಸ್ವಲ್ಪ ಹೊತ್ತು ಓಡಿಸಿಕೊಳ್ಳುತ್ತಿತ್ತು. ಪೆಟ್ರೋಲ್ ಒಂದು ವರ್ಷ ಹಳೆಯದಾದರೆ ಅದನ್ನು ಸುಟ್ಟು ಮುಗಿಸಲು ನೋಡುತ್ತಿತ್ತು. ಆವಿ ಹೊರಹೋಗದ ಹಾಗೆ ಇಂಥ ಹಲವು ಕಾರುಗಳಲ್ಲಿ ಟ್ಯಾಂಕನ್ನು ಗಟ್ಟಿಯಾಗಿ ಸೀಲ್ ಮಾಡಿರುತ್ತಾರೆ, ಒಳಗೆ ಒತ್ತಡ ಇರುತ್ತದೆ. ಪೆಟ್ರೋಲ್ ಹಾಕಿಸುವ ಮುಂಚೆ ಬಟನ್ ಒತ್ತಿ, ಆ ಒತ್ತಡ ಇಳಿಯುವವರೆಗೆ ಸ್ವಲ್ಪ ಕಾಯಬೇಕು. ಮುಚ್ಚಳ ತಕ್ಷಣ ತೆರೆದುಕೊಳ್ಳಲಿಲ್ಲ ಅಂತ ಜಗ್ಗಬೇಡಿ.