ಐದು ಸಲ ಎದ್ದು ಕೂತೆ

14 ಅಕ್ಟೋಬರ್ 2024, ಸೋಮವಾರ

ಬೆಳಿಗ್ಗೆ ಬಾಗಿಲ ಹತ್ತಿರ ಎಡವಿದೆ. ಬೀಳಲಿಲ್ಲ. ಕಾಲೊರಸಿನ ಅಂಚಿಗೆ ಬಲಗಾಲ ಬೆರಳು ಸಿಕ್ಕಿ ಮೈ ಮುಂದಕ್ಕೆ ವಾಲಿತು. ಎಡಗಾಲು ಮುಂದಿಡಬೇಕು ಅಂತ ತಲೆಗೆ ಹೊಳೆದಿತ್ತು, ಕಾಲು ಮಾತ್ರ ತಡವಾಗಿ ಬಂತು. ಅಷ್ಟರಲ್ಲಿ ಕೈ ಬಾಗಿಲ ಚೌಕಟ್ಟು ಹಿಡಿದಾಗಿತ್ತು.

ಆ ಒಂದು ಕ್ಷಣ ಇಡೀ ದಿನ ಕೊರೆಯಿತು. ಯಾಕಂದ್ರೆ ನನ್ನ ಕಾಲಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ವಯಸ್ಸು 63. ದಿನಾ ಒಂದು ಗಂಟೆ ನಡೆಯುತ್ತೇನೆ, ಸುಸ್ತಾಗುವುದಿಲ್ಲ. ತೂಕ ಹತ್ತು ವರ್ಷದಿಂದ ಹೆಚ್ಚುಕಮ್ಮಿ ಅಷ್ಟೇ ಇದೆ. ಇನ್ನೇನು ಬೇಕು ಅಂದುಕೊಂಡಿದ್ದೆ.

ಸಂಜೆ ಮಗಳ ಮುಂದೆ, ಕಾಲಿನ ಬಲ ನೋಡುವ ಕುರ್ಚಿ ಪರೀಕ್ಷೆ ಮಾಡಿದೆ. ಎರಡೂ ಕೈ ಎದೆಗೆ ಕಟ್ಟಿಕೊಂಡು, ಸಾಧಾರಣ ಎತ್ತರದ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ಮೂರನೇ ಸಲಕ್ಕೆ ನನಗೇ ಗೊತ್ತಿಲ್ಲದ ಹಾಗೆ ಕೈ ಜಾರಿ ತೊಡೆ ಮೇಲೆ ಊರಿತ್ತು.

"ಅಪ್ಪಾ, ಕೈ ಊರಿದ್ರಿ. ಇದು ಲೆಕ್ಕಕ್ಕಿಲ್ಲ, ಮೊದಲಿಂದ ಮಾಡಿ."

ಮೊದಲಿಂದ ಮಾಡಿದೆ. ಕೊನೆಯ ಸಲ ಏಳುವಾಗ ತೊಡೆ ಸಣ್ಣಗೆ ನಡುಗಿತು. 13.8 ಸೆಕೆಂಡು. ವಯಸ್ಸಾದಂತೆ ಸ್ನಾಯು ಸೊರಗುವುದರ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ 12 ಸೆಕೆಂಡು. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಮೈಯ ಚುರುಕು ಕಮ್ಮಿ ಅಂತ ಲೆಕ್ಕ. ಯುರೋಪಿನವರ ಗೆರೆ 15 ಸೆಕೆಂಡು. ಅಂದರೆ ಅಲ್ಲಿ ಪಾಸು, ಇಲ್ಲಿ ಫೇಲು! ಮಗಳು ಸುಮ್ನೆ ತಮಾಷೆಗೆ ತಾನೂ ಮಾಡಿ ಏಳು ಸೆಕೆಂಡಿನಲ್ಲಿ ಮುಗಿಸಿದಳು. ಆಮೇಲೆ ಏನೂ ಮಾತಾಡಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ದಿನಾ ನಡೆದರೂ ಹೀಗೇಕೆ ಅಂತ ಓದುತ್ತಾ ಕೂತೆ. ಸ್ನಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನದ್ದು, ದಣಿಯದೆ ದುಡಿಯುತ್ತದೆ. ಇನ್ನೊಂದು ಚುರುಕಿನದು, ಗಬಕ್ಕನೆ ಬಲ ಕೊಟ್ಟು ಬೇಗ ಸುಸ್ತಾಗುತ್ತದೆ. ವಯಸ್ಸಾದಂತೆ ಹೆಚ್ಚಾಗಿ ಸೊರಗುವುದು ಈ ಚುರುಕಿನ ಎಳೆಗಳು. ಸಮತಟ್ಟಾದ ದಾರಿಯಲ್ಲಿ ಆರಾಮಾಗಿ ನಡೆಯಲು ಅವುಗಳ ಅಗತ್ಯ ಅಷ್ಟಿಲ್ಲ. ಎಡವಿದಾಗ, ಕುರ್ಚಿಯಿಂದ ಎದ್ದೇಳುವಾಗ ಬೇಕು. ನನ್ನ ವಾಕಿಂಗ್ ಇಷ್ಟು ವರ್ಷ ಗಟ್ಟಿ ಇರುವುದನ್ನೇ ಗಟ್ಟಿ ಮಾಡುತ್ತಿತ್ತು, ಅಲ್ವಾ?

ಇದರ ಹಿಂದೆ ನರದ ಕಥೆಯೂ ಇದೆ. ಬೆನ್ನುಹುರಿಯಿಂದ ಹೊರಟ ಒಂದೊಂದು ನರಕೋಶವೂ ಒಂದಷ್ಟು ಎಳೆಗಳನ್ನು ಆಳುತ್ತದೆ. ವಯಸ್ಸಿನ ಜೊತೆ ಕೆಲವು ನರಕೋಶಗಳು ಸಾಯುತ್ತವೆ. ಆಗ ತಬ್ಬಲಿಯಾದ ಎಳೆಗಳನ್ನು ಪಕ್ಕದ ನರ ಸಾಕಿಕೊಳ್ಳುತ್ತದೆ. ಸಾಕಿದ ನರ ನಿಧಾನದ್ದಾಗಿದ್ದರೆ ಎಳೆಯೂ ಅದರ ಚಾಳಿಯನ್ನೇ ಕಲಿಯುತ್ತದೆ. ಯಾರೂ ಸಾಕದ ಎಳೆ ನಶಿಸುತ್ತದೆ. ಆ ಜಾಗಕ್ಕೆ ಕೊಬ್ಬು ಬಂದು ಕೂರುವುದರಿಂದ ತೂಕದಲ್ಲಿ ಏನೂ ಗೊತ್ತಾಗುವುದಿಲ್ಲ. ಗಾತ್ರಕ್ಕಿಂತ ಬೇಗ ಬಲ ಇಳಿಯುತ್ತದೆ, ಬಲಕ್ಕಿಂತ ಬೇಗ ಚುರುಕು. ವಯಸ್ಸಿನ ಜೊತೆ ಸ್ನಾಯು ಹೀಗೆ ಸೊರಗುವುದಕ್ಕೆ 'ಸಾರ್ಕೊಪೀನಿಯಾ' ಅನ್ನುವ ಹೆಸರು ಬಂದಿದ್ದೇ 1989ರ ಹೊತ್ತಿಗೆ, ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಅವರಿಂದ. ಗ್ರೀಕ್ ಪದ, ಮಾಂಸ ಕಮ್ಮಿಯಾಗುವುದು ಅಂತ ಅರ್ಥ. ಹೆಸರು ಗಾತ್ರದ ಮೇಲೆ ನಿಂತಿದೆ, ನಿಜವಾದ ತೊಂದರೆ ಇರುವುದು ಬಲದಲ್ಲಿ. ಹೆಸರಿಡುವಾಗ ಇನ್ನೊಂದು ಸಲ ಯೋಚಿಸಬಹುದಿತ್ತು.

ಓದುತ್ತಾ ಅಪ್ಪನ ನೆನಪಾಯಿತು. ಜ್ವರ ಅಂತ ಹತ್ತು ದಿನ ಮಲಗಿದ್ದರು ಅಷ್ಟೇ. ಜ್ವರ ಬಿಟ್ಟ ಮೇಲೆ ಮಂಚದ ಅಂಚಿನಲ್ಲಿ ಕೂತು, ಎರಡು ಕೈಯನ್ನೂ ಹಾಸಿಗೆಗೆ ಒತ್ತಿ, ಮುಂದಕ್ಕೆ ಹಿಂದಕ್ಕೆ ತೂಗಿ ತೂಗಿ ಏಳುತ್ತಿದ್ದರು. ನಾವು "ವಯಸ್ಸಾಯ್ತು" ಅಂದೆವು. ಆದರೆ ಹಾಸಿಗೆಯೂ ಕಾಲನ್ನು ತಿನ್ನುತ್ತದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಮಲಗಿಸಿದ್ದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಹೋಗಿತ್ತು. ಅಪ್ಪನಿಗೆ ಮೇಲಿಂದ ಜ್ವರ ಬೇರೆ. ಅವರನ್ನು ದಿನಕ್ಕೆ ನಾಲ್ಕು ಸಲ ಎಬ್ಬಿಸಿ ನಿಲ್ಲಿಸಬಹುದಿತ್ತು. ನಾವು ಮಲಗಿ ಮಲಗಿ ಅಂತಲೇ ಹೇಳುತ್ತಿದ್ದೆವು.

ಹೋದದ್ದು ವಾಪಸ್ ಬರುತ್ತಾ? 1990ರ ಒಂದು ಪ್ರಯೋಗ ಓದಿ ಎದ್ದು ಕೂತೆ. ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮುಗಿಸಿದ ಒಂಬತ್ತು ಜನರ ಬಲ ಸರಾಸರಿ ಶೇಕಡಾ 174 ಏರಿತು. ಶುರುವಿನ ಬಲ ತೀರಾ ಕಮ್ಮಿ ಇದ್ದಿದ್ದಕ್ಕೆ ಅಂಕಿ ಅಷ್ಟು ದೊಡ್ಡದಾಗಿ ಕಾಣುತ್ತದೆ, ಅದು ಬೇರೆ ಮಾತು. ನನಗೆ ಹಿಡಿಸಿದ್ದು ಇನ್ನೊಂದು ಅಂಕಿ. ತೊಡೆಯ ಸ್ನಾಯು ದಪ್ಪಗಾಗಿದ್ದು ಬರೀ ಶೇಕಡಾ 9ರಷ್ಟು. ಉಳಿದದ್ದರಲ್ಲಿ ದೊಡ್ಡ ಪಾಲು, ಇರುವ ಎಳೆಗಳನ್ನೇ ನರ ಚೆನ್ನಾಗಿ ದುಡಿಸಲು ಕಲಿತದ್ದು. ಇಬ್ಬರು ಊರುಗೋಲು ಬಿಟ್ಟರಂತೆ.

ನಾಳೆಯಿಂದ ವಾಕಿಂಗಿಗೆ ಮೊದಲು ಹತ್ತು ಸಲ ಎದ್ದು ಕೂರುವುದು. ಏಳುವಾಗ ಬೇಗ, ಕೂರುವಾಗ ನಿಧಾನ. ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟಾಯಿತು. ಅದರ ಹಿಂದಿನ ಒಂದು ಕಾಲು ಅಲ್ಲಾಡುತ್ತದೆ. ಕಾಗದ ಮಡಚಿ ಕೆಳಗಿಟ್ಟು ಮಲಗಬೇಕು.