ಕ್ಯಾಮೆರಾ ಹಿಡಿದು ಮುಂಬೈಗೆ ಹೊರಟವರು ಮೊದಲು ಬಿಸಿಲಿನ ದಿಕ್ಕು ನೋಡಿ

ಊರಿಂದ ಬಂದವರು ಮುಂಬೈಯಲ್ಲಿ ಯಾವ ಜಾಗ ಹತ್ತಿರವೋ ಅಲ್ಲಿಗೆ ಮೊದಲು ಹೋಗುತ್ತಾರೆ. ಫೋಟೋ ಕೆಡುವುದು ಅಲ್ಲೇ. ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಕಟ್ಟಡದ ಮುಖ ಪಶ್ಚಿಮಕ್ಕಿದೆ. ಬೆಳಿಗ್ಗೆ ಹೋದರೆ ಬಿಸಿಲು ಅದರ ಬೆನ್ನಿಗೆ ಬಿದ್ದು, ಮುಂಭಾಗವೆಲ್ಲ ಕಪ್ಪಾಗಿ, ಆಕಾಶ ಬಿಳಿ ಹಾಳೆಯಂತೆ ಬರುತ್ತದೆ. ಕೈಯಲ್ಲಿರುವುದು ಒಂದೇ ದಿನವಾದರೆ ನಸುಕಿಗೆ ಗೇಟ್‌ವೇ, ಹೊತ್ತೇರುವ ಮೊದಲು ಮಾಟುಂಗದ ಹೂವಿನಂಗಡಿಗಳು, ನಾಲ್ಕರ ನಂತರ ಸಿಎಸ್‌ಎಂಟಿ, ಕತ್ತಲಾಗುವಾಗ ಮರೀನ್ ಡ್ರೈವ್ ಎಂದು ಇಟ್ಟುಕೊಳ್ಳಿ. ಮಳೆ ನಿಂತ ಅಕ್ಟೋಬರಿನಲ್ಲಿ ಸೆಕೆ ಜಾಸ್ತಿಯಾದರೂ ಆಕಾಶ ತೊಳೆದಿಟ್ಟಂತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹವೆ ಹಿತ, ಆದರೆ ಹೊಗೆಮಂಜು ದೂರದ ಕಟ್ಟಡಗಳನ್ನು ನುಂಗಿಬಿಡುತ್ತದೆ. ಫೋಟೋಗಾಗಿಯೇ ಬರುವುದಾದರೆ ಅಕ್ಟೋಬರೇ ಮೇಲು.

ಹೋಟೆಲಿನ ಎಸಿ ಕೋಣೆಯಿಂದ ಹೊರಬಿದ್ದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ತಣ್ಣಗಿನ ಗಾಜಿಗೆ ಕಡಲ ತೇವದ ಗಾಳಿ ತಗುಲಿ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಗಾಜು ಇನ್ನೂ ತಣ್ಣಗಿರುವುದರಿಂದ ಒರೆಸಿದರೂ ಮತ್ತೆ ಕೂರುತ್ತದೆ. ಬ್ಯಾಗಿನ ಜಿಪ್ ತೆರೆಯದೆ 20–30 ನಿಮಿಷ ಹೊರಗಿನ ಗಾಳಿಯಲ್ಲಿಡಿ, ಅಷ್ಟರಲ್ಲಿ ಕ್ಯಾಮೆರಾ ಬೆಚ್ಚಗಾಗಿರುತ್ತದೆ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸಿದರೆ ಮಂಜು ಒಳಗಿನ ಸೆನ್ಸರ್ ಮೇಲೂ ಕೂರಬಹುದು.

ಗೇಟ್‌ವೇ ಆಫ್ ಇಂಡಿಯಾದ ಹಿಂದೆ, ಕಡಲ ಕಡೆ ಸೂರ್ಯ ಹುಟ್ಟುತ್ತಾನೆ. ಅಂಗಳದಿಂದ ತೆಗೆದರೆ ಕಮಾನು ನೆರಳಾಗಿಯೇ ಬರುತ್ತದೆ, ಅದನ್ನೇ ಬಳಸಿಕೊಳ್ಳಿ. ಫೋನಿನಲ್ಲಿ ಆಕಾಶದ ಮೇಲೆ ಒತ್ತಿ ಬೆಳಕನ್ನು ಕೆಳಗೆಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಷರ್ ಕಾಂಪನ್ಸೇಶನ್ (ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1. ಹಾರುವ ಪಾರಿವಾಳಕ್ಕೆ ಶಟರ್ ವೇಗ 1/1000 ಸೆಕೆಂಡ್ ಬೇಕು. ಅರ್ಧ ಗಂಟೆಯಲ್ಲಿ ಇಲ್ಲಿನ ಕೆಲಸ ಮುಗಿಯುತ್ತದೆ.

ಮಾಟುಂಗಕ್ಕೆ ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ ಹತ್ತಿ. ಬೆಳಗಿನ ನೂಕುನುಗ್ಗಲು ಸಿಎಸ್‌ಎಂಟಿ ಕಡೆಗೆ ಬರುವ ಗಾಡಿಗಳಲ್ಲಿ, ನೀವು ಹೋಗುವುದು ಎದುರು ದಿಕ್ಕಿಗೆ. ಬಾಗಿಲಲ್ಲಿ ನಿಂತು ಕ್ಯಾಮೆರಾ ಹೊರಚಾಚುವ ಕೆಲಸ ಮಾತ್ರ ಬೇಡ, ಕಂಬಗಳು ಬೋಗಿಗೆ ತೀರಾ ಹತ್ತಿರ ಇರುತ್ತವೆ.

ಮಾಟುಂಗದ ಹೂವಿನಂಗಡಿಗಳಲ್ಲಿ ಎಡವುವುದು ಬಿಳಿ ಬಣ್ಣದಲ್ಲಿ. ಮಲ್ಲಿಗೆಯ ರಾಶಿ ಇಡೀ ಚೌಕಟ್ಟು ತುಂಬಿದರೆ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಬೆಳಕು ಹೆಚ್ಚೆಂದು ಬಗೆದು ಹೂವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಆಗ ಪ್ಲಸ್ 0.7 ಕೊಡಿ. ಕಪ್ಪು ಹಿನ್ನೆಲೆಯ ಮುಂದೆ ಒಂದೇ ದಂಡೆ ತೂಗುತ್ತಿದ್ದರೆ ಲೆಕ್ಕ ತಿರುವುಮುರುವು: ಹೂ ಸುಟ್ಟ ಬಿಳಿಯಾಗಿ ಎಸಳಿನ ಗೆರೆಗಳೇ ಅಳಿಸಿಹೋಗುತ್ತವೆ, ಮೈನಸ್ 1 ಬೇಕು.

ಹೂ ಕಟ್ಟುವ ಕೈಗಳನ್ನು ತೆಗೆಯಲು ಎಲ್ಲರೂ 1/250ಕ್ಕೆ ಹೋಗುತ್ತಾರೆ. ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ಅದು ಚಿತ್ರದ ಅಡ್ಡಲಾಗಿ ಕಪ್ಪು ಪಟ್ಟಿ ಎಳೆಯಬಹುದು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50ರಲ್ಲಿಟ್ಟರೆ ಪಟ್ಟಿ ಬರುವುದಿಲ್ಲ. ಬೆರಳು ಅಲುಗುತ್ತದಲ್ಲ ಎಂದರೆ, ಗಂಟು ಬಿಗಿಯುವ ಕ್ಷಣಕ್ಕೆ ಕಾಯಿರಿ. ನಾರು ಎಳೆದು ಬಿಗಿದಾಗ ಕೈ ಒಂದು ಚಣ ನಿಲ್ಲುತ್ತದೆ, ಕ್ಲಿಕ್ ಅಲ್ಲೇ ಮಾಡಬೇಕು. "ಅಕ್ಕಾ, ಒಂದು ಫೋಟೋ ತೆಗೀಲಾ?" ಎಂದು ಕೇಳಿಯೇ ತೆಗೆಯಿರಿ, ಒಂದು ಮೊಳ ಹೂವನ್ನೂ ಕೊಳ್ಳಿ.

ಮಧ್ಯಾಹ್ನದ ನೆತ್ತಿ ಬಿಸಿಲು ಫೋಟೋಗೆ ಆಗದು, ಊಟಕ್ಕೆ ಅದೇ ಸರಿಯಾದ ಹೊತ್ತು. ಸ್ಟೇಷನ್ ಪಕ್ಕದಲ್ಲೇ 1942ರಿಂದ ಇರುವ ರಾಮ ನಾಯಕರ ಉಡುಪಿ ಊಟದ ಮನೆಯಿದೆ. ಬಾಳೆಲೆಗೆ ಫ್ಲಾಶ್ ಹಾಕಿದರೆ ಎಲೆ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಬೆಳಕು ಪಕ್ಕದಿಂದ ಬೀಳುವ ಜಾಗದಲ್ಲಿ ಕೂತು, ಸಾರು ಹಾಕುವ ಮೊದಲೇ ಒಂದೆರಡು ತೆಗೆದು ಊಟಕ್ಕೆ ಕೈ ಹಾಕಿ. ಕಾಯುವವರು ಹಿಂದೆ ಇರುತ್ತಾರೆ.

ಸಿಎಸ್‌ಎಂಟಿಗೆ ಎದುರಿನ ಪಾಲಿಕೆ ಕಟ್ಟಡದ ಬದಿಯಲ್ಲಿ ನಿಲ್ಲಿ. ಕ್ಯಾಮೆರಾ ಮೇಲೆತ್ತಿದರೆ ಗೋಪುರಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಅಗಲ ಲೆನ್ಸಿನಲ್ಲಿ ತೆಗೆದು, ಕೆಳಗಿನ ರಸ್ತೆ ಹೆಚ್ಚಾದರೆ ಆಮೇಲೆ ಕತ್ತರಿಸಿ. ಗೇಟಿನ ಕಂಬಗಳ ಮೇಲಿರುವ ಸಿಂಹ ಮತ್ತು ಹುಲಿಗೆ 100 ಮಿಮೀ ಆಸುಪಾಸಿನ ಲೆನ್ಸ್ ಸಾಕು. ನಗರದ ಕೆಂಪು ಬೆಸ್ಟ್ ಬಸ್ಸು ಹಾಯುವಾಗ ಶಟರ್ 1/20ರಲ್ಲಿಟ್ಟು ಅದರ ಜೊತೆಗೇ ಸೊಂಟ ತಿರುಗಿಸಿ. ಹತ್ತರಲ್ಲಿ ಒಂದು ಚಿತ್ರ ನೆಟ್ಟಗೆ ಬಂದರೂ ಲಾಭವೇ.

ಮರೀನ್ ಡ್ರೈವಿನಲ್ಲಿ ನಾರಿಮನ್ ಪಾಯಿಂಟ್ ಕಡೆಯಿಂದ ಉತ್ತರಕ್ಕೆ ನೋಡಿದರೆ ದೀಪಗಳ ಬಾಗು ಸಿಗುತ್ತದೆ. ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ. ಸುಮಾರು 20 ನಿಮಿಷ ಕಳೆದ ಮೇಲೆ ಆಕಾಶದ ನೀಲಿಯೂ ದೀಪದ ಬೆಳಕೂ ಸಮಸಮ ಬರುತ್ತವೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8, ಶಟರ್ 8 ಸೆಕೆಂಡಿನಿಂದ ಶುರುಮಾಡಿ. ಟ್ರೈಪಾಡ್ ನಿಲ್ಲಿಸಿದರೆ ಪೊಲೀಸರು ಬಂದು ವಿಚಾರಿಸಬಹುದು. ಅದರ ಬದಲು ಬಟ್ಟೆಯ ಚೀಲಕ್ಕೆ ಅರ್ಧ ಕಿಲೋ ಅಕ್ಕಿ ತುಂಬಿ ಕಟ್ಟೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ, 2 ಸೆಕೆಂಡ್ ಟೈಮರ್ ಹಾಕಿ. ಫೋನಿಗೂ ಇದೇ ಉಪಾಯ. ಅಲೆ ತಡೆಯಲು ಹಾಕಿರುವ ಕಾಂಕ್ರೀಟ್ ಕಲ್ಲುಗಳ ಮೇಲೆ ಇಳಿಯಲೇಬೇಡಿ. ಅವು ಪಾಚಿಗಟ್ಟಿ ಜಾರುತ್ತವೆ, ಸಂದಿಯಲ್ಲಿ ಬಿದ್ದವರನ್ನು ಎತ್ತುವುದು ಕಷ್ಟ. ಮಳೆಗಾಲದಲ್ಲಿ ಕಡಲಿನ ಭರತ (ಉಬ್ಬರ) 4.5 ಮೀಟರ್ ಮೀರುವ ದಿನ ಕಟ್ಟೆಯಿಂದಲೂ ದೂರವಿರಿ.

ಕೋಣೆಗೆ ಮರಳಿದ ಮೇಲೆ ಲೆನ್ಸನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಮೊದಲು ಬ್ಲೋವರ್‌ನಿಂದ (ಹಿಚುಕಿದರೆ ಗಾಳಿ ಊದುವ ರಬ್ಬರ್ ಬುರುಡೆ) ಊದಿ, ಕುಡಿಯುವ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿ, ಆಮೇಲೆ ಒಣ ಬಟ್ಟೆ.